ಹತ್ತಿ ಬಿಡಿಸಿ ಬಂದ ಸಂಜೆ, ಕೈಯಲ್ಲೊಂದು ಆಟ: ನಂಬಿಕೆ ಎಷ್ಟು, ನಿಜ ಎಷ್ಟು?

ದಸರೆ ಮುಗಿದು ಶೀಗಿ ಹುಣ್ಣಿಮೆ ದಾಟುವ ಹೊತ್ತಿಗೆ ಸೈದಾಪುರದ ಸುತ್ತ ಹತ್ತಿ ಒಡೆದಿರುತ್ತದೆ, ತೊಗರಿ ಹೂವಿಗೆ ಬಂದಿರುತ್ತದೆ. ಸಂಜೆ ಆರಕ್ಕೆಲ್ಲ ಹೊತ್ತು ಮುಳುಗುತ್ತದೆ. ಹೊಲದಿಂದ ಬಂದವರು, ಕಡೇಚೂರಿನ ಕಡೆ ಕಾರ್ಖಾನೆಯಲ್ಲಿ ಪಾಳಿ ಮುಗಿಸಿದವರು, ಯಾದಗಿರಿಯಿಂದ ರೈಲಿಗೆ ಮರಳಿದ ಕಾಲೇಜು ಹುಡುಗರು, ಊಟಕ್ಕೆ ಇನ್ನೂ ತಡ ಇದೆ ಎಂದು ಕಟ್ಟೆಯ ಮೇಲೆ ಕೂತು ಫೋನ್ ತೆಗೆಯುತ್ತಾರೆ. ಒಳಗಿಂದ ಮಾತು ಬರುತ್ತದೆ: "ಮತ್ತ ಗೇಮ್ ಹಚ್ಚಿ ಕುಂತಾನ ನೋಡು!"

ಈ ಬೈಗುಳದ ಹಿಂದೆ ನಾಲ್ಕಾರು ನಂಬಿಕೆಗಳಿವೆ. ಕೆಲವಕ್ಕೆ ಗಟ್ಟಿ ಕಾರಣವಿದೆ, ಕೆಲವು ಬರೀ ಹೆದರಿಕೆ. ಎಲ್ಲವನ್ನೂ ಒಂದೇ ಕಟ್ಟು ಕಟ್ಟಿದರೆ ನಿರುಪದ್ರವಿ ಆಟಕ್ಕೆ ಬೈಗುಳ ಬೀಳುತ್ತದೆ, ಮನೆ ಮುರಿಯುವ ಆಟ ಕಣ್ಣು ತಪ್ಪಿಸಿಕೊಳ್ಳುತ್ತದೆ. ಅದಕ್ಕೇ ಇವನ್ನು ಬಿಡಿಬಿಡಿಯಾಗಿ ನೋಡಬೇಕು.

ಮೊದಲನೆಯ ನಂಬಿಕೆ, ಗೇಮ್ ಅಂದರೆ ದುಡ್ಡು ಕಳೆಯುವ ದಾರಿ ಎಂಬುದು. ಈ ಹೆದರಿಕೆ ಸುಮ್ಮನೆ ಹುಟ್ಟಿದ್ದಲ್ಲ. ಫೋನಿನಲ್ಲಿ ರಮ್ಮಿ ಆಡಿ ಸಾಲಕ್ಕೆ ಬಿದ್ದವರ ಕತೆ ನಮ್ಮ ಸೀಮೆಯ ಊರೂರಿನಲ್ಲೂ ಕೇಳಿಬಂದಿದೆ. ಆದರೆ ಹಣ ಕಟ್ಟಿ ಆಡುವುದು ಬೇರೆ, ಹಣವೇ ಇಲ್ಲದೆ ಆಡುವುದು ಬೇರೆ. ಈಗ ಕಾನೂನೂ ಹಾಗೆಯೇ ಗೆರೆ ಎಳೆದಿದೆ. ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸಿತ್ತು. ಕೌಶಲದ ಆಟವನ್ನು ಜೂಜಿನ ಜೊತೆ ಸೇರಿಸುವಂತಿಲ್ಲ ಎಂದು ಕಂಪನಿಗಳು ವಾದಿಸಿದವು, 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಅಂಶಗಳನ್ನು ರದ್ದು ಮಾಡಿತು. ಆಮೇಲೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆಯನ್ನು ಅಂಗೀಕರಿಸಿತು. ಕೌಶಲವಾಗಲಿ ಅದೃಷ್ಟವಾಗಲಿ, ಹಣ ಕಟ್ಟಿ ಹಣ ಗೆಲ್ಲುವ ಆಟ ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ. ಜಾಹೀರಾತು ಕೊಟ್ಟವರಿಗೆ ಎರಡು ವರ್ಷ, 50 ಲಕ್ಷ. ಆಡಿದವನಿಗೆ ಈ ಕಾಯ್ದೆಯಲ್ಲಿ ಶಿಕ್ಷೆ ಇಲ್ಲ, ಅವನನ್ನು ಮೋಸ ಹೋದವನೆಂದೇ ನೋಡಲಾಗಿದೆ. ಇದನ್ನು ಪ್ರಶ್ನಿಸಿ ಕಂಪನಿಗಳು ಮತ್ತೆ ಕೋರ್ಟಿಗೆ ಹೋಗಿವೆ. ಆದರೆ ಇದೇ ಕಾಯ್ದೆ ಮನರಂಜನೆಯ ಆಟಗಳನ್ನೂ ಇ-ಸ್ಪೋರ್ಟ್ಸನ್ನೂ ಬೆಳೆಸಬೇಕು ಎನ್ನುತ್ತದೆ. ಆದ್ದರಿಂದ ಮಗ ಫೋನ್ ಹಿಡಿದು ಕೂತಾಗ ಮೊದಲು ಕೇಳಬೇಕಾದದ್ದು "ಇದರಾಗ ರೊಕ್ಕ ಹಾಕ್ತಿಯೇನು?" ಎಂದು. ಉಳಿದ ಬೈಗುಳ ಆಮೇಲೆ.

"ನಮ್ಮ ಹಿರಿಯರು ಹಿಂಗೆ ಆಟ ಆಡ್ತಾ ಕುಂತಿರಲಿಲ್ಲ" ಎಂಬ ಮಾತಂತೂ ಪೂರ್ತಿ ತಪ್ಪು. ಆಶ್ವಯುಜ ಹುಣ್ಣಿಮೆಯ ಕೋಜಾಗರ ವ್ರತದಲ್ಲಿ ರಾತ್ರಿ ಎಚ್ಚರ ಇದ್ದು ಪಗಡೆಯಾಡಬೇಕೆಂಬ ವಿಧಿಯೇ ಇದೆ. ಕಾರ್ತಿಕದ ಮೊದಲ ದಿನ, ಬಲಿಪಾಡ್ಯಮಿಗೆ, ದ್ಯೂತಪ್ರತಿಪದೆ ಎಂಬ ಇನ್ನೊಂದು ಹೆಸರಿದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಹೊಸ ಹೊಸ ಮಣೆಯಾಟಗಳನ್ನು ತಾವೇ ಕಟ್ಟಿದವರು. ಅವರ ಶ್ರೀತತ್ತ್ವನಿಧಿ ಗ್ರಂಥದ ಕೌತುಕನಿಧಿ ಭಾಗವೇ ಆಟಗಳಿಗೆ ಮೀಸಲು. ಹಂಪಿಯ ಕಲ್ಲುಹಾಸಿನ ಮೇಲೆ ಆಟದ ಮನೆಗಳನ್ನು ಕೊರೆದದ್ದು ಇಂದಿಗೂ ಕಾಣುತ್ತದೆ. ಕಾಳು ಮನೆಗೆ ಬರುವ ಮುಂಚಿನ ಈ ಸಂಜೆಗಳಲ್ಲಿ ಕೂತು ಆಡುವುದು ನಮ್ಮ ನೆಲದಲ್ಲಿ ಹಳೆಯದು. ಫೋನಿನ ಲೂಡೊ ಕೂಡ ಆ ವಂಶದ್ದೇ. ನಮ್ಮ ಪಗಡೆ-ಪಚ್ಚೀಸಿಯನ್ನೇ ಸರಳ ಮಾಡಿ ಇಂಗ್ಲೆಂಡಿನಲ್ಲಿ 1896ರಲ್ಲಿ ಪೇಟೆಂಟ್ ಪಡೆದರು. 2016ರಲ್ಲಿ ನವಿ ಮುಂಬೈನ ಗೇಮೇಶನ್ ಕಂಪನಿ ಅದನ್ನು ಲೂಡೊ ಕಿಂಗ್ ಎಂದು ಫೋನಿಗೆ ತಂದಿತು, 2020ರ ಲಾಕ್‌ಡೌನಿನಲ್ಲಿ ಅದು ಮನೆಮನೆಗೆ ಹೊಕ್ಕಿತು. ನೆಟ್ ಇಲ್ಲದೆಯೂ ಒಂದೇ ಫೋನನ್ನು ಕೈಯಿಂದ ಕೈಗೆ ದಾಟಿಸುತ್ತ ನಾಲ್ವರು ಆಡಬಹುದು. ಅಜ್ಜಿ, ಸೊಸೆ, ಮೊಮ್ಮಕ್ಕಳು ಒಟ್ಟಿಗೆ ಕೂರುವ ಆಟಗಳಲ್ಲಿ ಇದಕ್ಕೆ ನನ್ನ ಮೊದಲ ಮತ. ಹಬ್ಬದ ಹೆಸರಿನಲ್ಲಿ ರೊಕ್ಕ ಇಟ್ಟು ಇಸ್ಪೀಟ್ ಎಳೆಯುವ ಚಾಳಿಯೂ ಇದೇ ದಿನಗಳಲ್ಲಿ ಹೆಚ್ಚುತ್ತದೆ ಎಂಬುದನ್ನು ಮಾತ್ರ ಮರೆಯಬಾರದು.

ಇನ್ನು ಗೇಮ್ ಎಂದರೆ ಗುಂಡು ಹಾರಿಸುವುದು ಎಂಬ ನಂಬಿಕೆ. ಪಬ್‌ಜಿ ಗದ್ದಲ ಹಾಕಿಹೋದ ಮುದ್ರೆ ಇದು. ಆ ಆಟವನ್ನು ಕೇಂದ್ರ ಸರ್ಕಾರ 2020ರ ಸೆಪ್ಟೆಂಬರ್‌ನಲ್ಲಿ ತಡೆದಿತ್ತು. ಆದರೆ ಶತ್ರುವೇ ಇಲ್ಲದ ಆಟಗಳದ್ದು ದೊಡ್ಡ ಲೋಕ. ಲಂಡನ್ನಿನ ಅಸ್‌ಟೂ ಸಂಸ್ಥೆ 2014ರಲ್ಲಿ ತಂದ ಮಾನ್ಯುಮೆಂಟ್ ವ್ಯಾಲಿಯಲ್ಲಿ ಒಬ್ಬ ಪುಟ್ಟ ರಾಜಕುಮಾರಿಯನ್ನು ವಿಚಿತ್ರ ಕಟ್ಟಡಗಳ ಮೆಟ್ಟಿಲು ತಿರುಗಿಸಿ ದಾಟಿಸಬೇಕು. ಗಡಿಯಾರ ಓಡುವುದಿಲ್ಲ, ಸೋಲು ಇಲ್ಲ. 2015ರ ಆಲ್ಟೋಸ್ ಅಡ್ವೆಂಚರ್‌ನಲ್ಲಿ ಹುಡುಗನೊಬ್ಬ ಹಿಮದ ಬೆಟ್ಟ ಇಳಿಯುತ್ತಾನೆ. ಅದರ ಜೆನ್ ಮೋಡ್‌ನಲ್ಲಿ ಅಂಕ ಇಲ್ಲ, ನಾಣ್ಯ ಇಲ್ಲ. ಬೆಟ್ಟ, ಸಂಗೀತ, ಬದಲಾಗುವ ಹಗಲು ರಾತ್ರಿ ಅಷ್ಟೇ. ಎರಡರಲ್ಲೂ ಓದಬೇಕಾದ್ದು ತೀರ ಕಡಿಮೆ. ಇಂಗ್ಲಿಷ್ ಬಾರದವರಿಗೆ ಆಗದು ಎಂಬ ಹಿಂಜರಿಕೆಗೂ ಇದೇ ಉತ್ತರ. ದುಬಾರಿ ಫೋನೂ ಬೇಕಿಲ್ಲ: 1997ರ ನೋಕಿಯಾ 6110ರಲ್ಲಿ ಬಂದ ಹಾವಿನ ಆಟವನ್ನು ಗುಂಡಿಯ ಫೋನಿನಲ್ಲೇ ನಮ್ಮವರು ವರ್ಷಗಟ್ಟಲೆ ಆಡಿದರು.

ಹೊಲದಲ್ಲಿ ದುಡಿದು ಬಂದವನಿಗೆ ಹೊಲದ ಆಟ ಯಾಕೆ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಎರಿಕ್ ಬ್ಯಾರೋನ್ ಎಂಬ ಅಮೆರಿಕದ ಯುವಕ ನಾಲ್ಕು ವರ್ಷಕ್ಕೂ ಮೇಲೆ ಒಬ್ಬನೇ ಕೂತು ಕಟ್ಟಿ 2016ರಲ್ಲಿ ಹೊರತಂದ ಸ್ಟಾರ್ಡ್ಯೂ ವ್ಯಾಲಿ ಪೂರ್ತಿ ಒಕ್ಕಲುತನದ ಆಟ. ಅದರ ಶರತ್ಕಾಲ 28 ದಿನದ್ದು. ಆಗ ಬದನೆ, ಕುಂಬಳ, ಮೆಕ್ಕೆಜೋಳ ಬೆಳೆಯಬಹುದು. ಆಟದ ಒಂದು ದಿನ ನಮ್ಮ ಸುಮಾರು 14 ನಿಮಿಷದಲ್ಲಿ ಮುಗಿಯುತ್ತದೆ. ನಿಜವಾದ ಹೊಲದಲ್ಲಿ ಮಳೆ, ಹುಳ, ದರ ಯಾವುದೂ ಒಕ್ಕಲಿಗನ ಕೈಯಲ್ಲಿಲ್ಲ. ಆಟದ ಹೊಲದಲ್ಲಿ ನೀರು ಹಾಕಿದ್ದಕ್ಕೆ ಬೆಳೆ ಬರುತ್ತದೆ, ಬೆಳೆಗೆ ಗೊತ್ತಾದ ಬೆಲೆ ಸಿಗುತ್ತದೆ. ಮಾಡಿದ ಕೆಲಸಕ್ಕೆ ಫಲ ಕಾಣುವುದೇ ದಣಿದ ಮನಸ್ಸಿಗೆ ದೊಡ್ಡ ಸಮಾಧಾನ ಎಂದು ನನ್ನ ನಂಬಿಕೆ. ಆಟವನ್ನು ಒಮ್ಮೆ ಕೊಂಡರೆ ಸಾಕು, ಮತ್ತೆ ರೊಕ್ಕ ಕೇಳುವುದಿಲ್ಲ, ನೆಟ್ ಬೇಡ.

ಇಲ್ಲಿಂದ ತದ್ವಿರುದ್ಧದ ತಪ್ಪು ಕಲ್ಪನೆ ಶುರುವಾಗುತ್ತದೆ: ಬಣ್ಣ ಮೆತ್ತಗಿದ್ದು, ಹಾಡು ಇಂಪಾಗಿದ್ದು, ಪುಕ್ಕಟೆ ಸಿಕ್ಕರೆ ಅದು ವಿಶ್ರಾಂತಿಯ ಆಟ ಎಂಬುದು. ಇದು ನನಗೆ ಎಲ್ಲಕ್ಕಿಂತ ಅಪಾಯದ್ದಾಗಿ ಕಾಣುತ್ತದೆ. 2012ರ ಕ್ಯಾಂಡಿ ಕ್ರಶ್‌ನಲ್ಲಿ ಐದು ಜೀವ. ಒಂದು ಹೋದರೆ ಮರಳಿ ಬರಲು 30 ನಿಮಿಷ ಕಾಯಬೇಕು, ಇಲ್ಲವೇ ಹಣ ಕೊಡಬೇಕು. ಹೇ ಡೇ ಎಂಬ ಹೊಲದ ಆಟದಲ್ಲಿ ಗೋಧಿ ಎರಡೇ ನಿಮಿಷಕ್ಕೆ ಕೊಯ್ಲಿಗೆ ಬರುತ್ತದೆ, ಬೇರೆ ಬೆಳೆಗೆ ತಾಸುಗಟ್ಟಲೆ ಬೇಕು, ಮಧ್ಯೆ ಫೋನ್ ಗುಣುಗುಟ್ಟಿ ಕರೆಯುತ್ತದೆ. ಫೇಸ್‌ಬುಕ್ಕಿನ ಫಾರ್ಮ್‌ವಿಲ್‌ನಲ್ಲಿ ಹೊತ್ತಿಗೆ ಸರಿಯಾಗಿ ಬಾರದವರ ಬೆಳೆ ಒಣಗಿಯೇ ಹೋಗುತ್ತಿತ್ತು. 2009ರಲ್ಲಿ ಹುಟ್ಟಿದ ಅದು 2020ರ ಡಿಸೆಂಬರ್ 31ಕ್ಕೆ ಬಾಗಿಲು ಹಾಕಿತು. ಕಾಯಿಸುವುದು, ಕರೆಯುವುದು, ಕಳೆದುಕೊಳ್ಳುವ ಭಯ ಹುಟ್ಟಿಸುವುದು ಇವುಗಳ ವ್ಯಾಪಾರದ ಮೂಲ. ಇವನ್ನು ಆಡಲೇಬಾರದು ಎನ್ನುತ್ತಿಲ್ಲ, ಆದರೆ ಇವು ಸಂಜೆಯ ಬಿಡುವನ್ನು ಕೊಡುವ ಬದಲು ಇನ್ನೊಂದು ಪಾಳಿಯ ಕೆಲಸ ಹಚ್ಚುತ್ತವೆ. ಬೇಕೆಂದಾಗ ಎದ್ದುಹೋಗಲು ಬಿಡುವ ಆಟವೇ ವಿಶ್ರಾಂತಿಯ ಆಟ. ಬೇರೆ ಒರೆಗಲ್ಲು ಬೇಕಿಲ್ಲ.

ಇದಕ್ಕೆ ಸಂಶೋಧನೆಯ ಬಲವೂ ಇದೆ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದವರು 2020ರಲ್ಲಿ ಆ್ಯನಿಮಲ್ ಕ್ರಾಸಿಂಗ್‌ನಂಥ ಆಟ ಹೆಚ್ಚು ಆಡಿದವರು ತುಸು ಹೆಚ್ಚು ನೆಮ್ಮದಿ ಹೇಳಿಕೊಂಡದ್ದನ್ನು ಪ್ರಕಟಿಸಿದರು. ಆಟ ಮನೋರೋಗಕ್ಕೆ ಮದ್ದು ಎಂದು ಹಲವರು ಕುಣಿದರು. 2022ರಲ್ಲಿ ಅದೇ ತಂಡ ಏಳು ಆಟಗಳ ಸುಮಾರು 39 ಸಾವಿರ ಜನರನ್ನು ಆರು ವಾರ ನೋಡಿದಾಗ, ಆಡಿದ ತಾಸುಗಳು ನೆಮ್ಮದಿಯನ್ನು ಹೆಚ್ಚಿಸಿದ್ದೂ ಕಡಿಮೆ, ಕೆಡಿಸಿದ್ದೂ ಕಡಿಮೆ. ವ್ಯತ್ಯಾಸ ಕಂಡದ್ದು ಮನಸ್ಸಿನ ಪ್ರೇರಣೆಯಲ್ಲಿ: ಇಷ್ಟಪಟ್ಟು ಆಡಿದವರು ಹಗುರಾಗಿದ್ದರು, ಆಡಲೇಬೇಕೆಂಬ ಒತ್ತಡಕ್ಕೆ ಆಡಿದವರು ಅಷ್ಟಾಗಿ ಇರಲಿಲ್ಲ.

ಕಣ್ಣು ಹೋಗುತ್ತದೆ ಎಂಬ ಹೆದರಿಕೆ ದೊಡ್ಡವರ ಮಟ್ಟಿಗೆ ಅತಿಯಾದದ್ದು. ಪರದೆ ನೋಡುವಾಗ ನಾವು ರೆಪ್ಪೆ ಬಡಿಯುವುದು ಕಡಿಮೆಯಾಗಿ ಕಣ್ಣು ಒಣಗುತ್ತದೆ, ಉರಿಯುತ್ತದೆ. ನಡುನಡುವೆ ದೂರ ನೋಡಿದರೆ ಅದು ತಗ್ಗುತ್ತದೆ. ಮಕ್ಕಳ ಮಾತು ಬೇರೆ. ಹಗಲು ಬೆಳಕಿನಲ್ಲಿ ಹೊರಗೆ ಆಡದೆ ಹತ್ತಿರದ್ದನ್ನೇ ನೋಡುತ್ತ ಬೆಳೆದರೆ ದೂರದ ನೋಟ ಮಂಜಾಗುವ ಸಾಧ್ಯತೆ ಹೆಚ್ಚು. ನಿದ್ದೆಯ ವಿಷಯದಲ್ಲಿ ಎಲ್ಲರೂ ನೀಲಿ ಬೆಳಕನ್ನೇ ದೂರುತ್ತಾರೆ. ಮಲಗುವ ಮುನ್ನ ತಾಸುಗಟ್ಟಲೆ ಪರದೆಯ ಮೇಲೆ ಓದಿದವರಿಗೆ, ಕಾಗದದ ಪುಸ್ತಕ ಓದಿದವರಿಗಿಂತ ನಿದ್ದೆ ಬರುವುದು ಸುಮಾರು 10 ನಿಮಿಷ ತಡವಾದದ್ದನ್ನು 2015ರ ಅಮೆರಿಕದ ಅಧ್ಯಯನವೊಂದು ತೋರಿಸಿತು. "ಇನ್ನೊಂದೇ ಆಟ" ಎನ್ನುತ್ತ ಹನ್ನೆರಡಕ್ಕೆ ಮುಟ್ಟುವುದು ಅದಕ್ಕಿಂತ ದೊಡ್ಡ ನಷ್ಟ. ಆದ್ದರಿಂದ ಆಟ ಊಟದ ಮೊದಲು ಇರಲಿ, ಹಾಸಿಗೆಗೆ ಬೇಡ.

ಆಡಿದವರೆಲ್ಲ ಚಟಕ್ಕೆ ಬೀಳುತ್ತಾರೆಯೇ? ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿ 2022ರ ಜನವರಿಯಿಂದ ಜಾರಿಗೆ ತಂದ ರೋಗಪಟ್ಟಿಯಲ್ಲಿ ಗೇಮಿಂಗ್ ಡಿಸಾರ್ಡರ್ ಇರುವುದು ನಿಜ. ಆದರೆ ಅದಕ್ಕೆ ತಾಸಿನ ಲೆಕ್ಕ ಇಲ್ಲ. ಹಿಡಿತ ತಪ್ಪಬೇಕು, ಓದು, ದುಡಿಮೆ, ನಂಟು ಎಲ್ಲವನ್ನೂ ಆಟ ಹಿಂದೆ ತಳ್ಳಬೇಕು, ಹಾನಿ ಕಂಡರೂ ಬಿಡಲಾಗದಿರಬೇಕು; ಇದು ಸಾಮಾನ್ಯವಾಗಿ ಒಂದು ವರ್ಷ ಕಂಡುಬಂದಾಗ ಮಾತ್ರ ವೈದ್ಯರು ಆ ಹೆಸರು ಹಚ್ಚುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಂತ್ರಜ್ಞಾನದ ಅತಿಬಳಕೆಗೆಂದೇ 2014ರಿಂದ ಶಟ್ ಎಂಬ ಕ್ಲಿನಿಕ್ ನಡೆಯುತ್ತಿದೆ. ಅಲ್ಲಿಗೆ ಹೋಗಲು ಸೈದಾಪುರದಿಂದ ಒಂದು ರಾತ್ರಿಯ ರೈಲು ಪ್ರಯಾಣ. ಅಷ್ಟು ದೂರ ಹೋಗುವ ಮುಂಚೆ ಮನೆಯಿಂದಲೇ 14416ಕ್ಕೆ ಕರೆ ಮಾಡಬಹುದು. ಅದು 2022ರ ಅಕ್ಟೋಬರ್‌ನಿಂದ ನಡೆಯುತ್ತಿರುವ ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ತೆರೆದಿರುತ್ತದೆ, ಕರೆಗೆ ರೊಕ್ಕ ಇಲ್ಲ, ಕನ್ನಡದಲ್ಲೇ ಮಾತಾಡಬಹುದು.