ಚೀನಿಕಾಯಿಯನ್ನು ಕೊರೆಯದೆ ಸಿಂಗರಿಸೋಣ



ತೆನೆಹಬ್ಬ ಹತ್ತಿರ ಬರುತ್ತಿದೆ. ಸೆಪ್ಟೆಂಬರ್ 8ರಂದು ಹೊಸ ತೆನೆಯೊಡನೆ ಚೀನಿಕಾಯಿ, ಬೂದುಗುಂಬಳ, ಸೌತೆಕಾಯಿಗಳನ್ನೂ ತಂದು ಬಲಿಪೀಠದ ಮುಂದೆ ಇಡುವ ರೂಢಿ ನಮ್ಮಲ್ಲಿದೆ. ಅವುಗಳನ್ನು ಸಿಂಗರಿಸುವ ಉತ್ಸಾಹ ನಮ್ಮ ಯುವಕ ಯುವತಿಯರದು. ಅದಕ್ಕೆ ನಮ್ಮ ಅಡ್ಡಿಯಿಲ್ಲ. ಆದರೆ ಒಂದು ವರ್ಷ ವಿದೇಶದ ಚಿತ್ರವೊಂದನ್ನು ನೋಡಿ, ಎಂಟು ಚೀನಿಕಾಯಿಗಳಿಗೆ ಕಣ್ಣು ಬಾಯಿ ಕೊರೆದು ಒಳಗೆ ಮೇಣದಬತ್ತಿ ಇಡಲು ನಾವೇ ಒಪ್ಪಿಗೆ ಕೊಟ್ಟೆವು. ಮೂರನೆಯ ದಿನಕ್ಕೆ ಒಳಗೆಲ್ಲ ಬೂಸಲು, ಸುತ್ತ ನೊಣ. ಏಲಂ ಆಗಬೇಕಿದ್ದ ಕಾಯಿಗಳು ಗೊಬ್ಬರದ ಗುಂಡಿ ಸೇರಿದವು. ಅವುಗಳಲ್ಲಿ ಎರಡು, ಮನೆಯ ಹಿತ್ತಿಲು ಬಿಟ್ಟರೆ ಬೇರೆ ಭೂಮಿಯಿಲ್ಲದ ಒಬ್ಬ ತಾಯಿ ಹೊತ್ತು ತಂದವು. ಆ ತಾಯಿ ಒಂದು ಮಾತೂ ಆಡಲಿಲ್ಲ. ನಾವಂತೂ ಮರೆತಿಲ್ಲ.

ಕೊರೆಯುವ ಪದ್ಧತಿ ಐರ್ಲೆಂಡ್ ಕಡೆಯದು. ನವೆಂಬರ್ 1ರ ಸಕಲ ಸಂತರ ಹಬ್ಬದ ಹಿಂದಿನ ರಾತ್ರಿ ಅಲ್ಲಿ ಟರ್ನಿಪ್ ಗೆಡ್ಡೆಯನ್ನು ಕೊರೆದು ದೀಪ ಇಡುತ್ತಿದ್ದರು. 19ನೆಯ ಶತಮಾನದಲ್ಲಿ ಅಮೆರಿಕಕ್ಕೆ ವಲಸೆ ಹೋದವರಿಗೆ ಗೆಡ್ಡೆಗಿಂತ ದೊಡ್ಡದಾದ, ಕೊರೆಯಲು ಸುಲಭವಾದ ಕುಂಬಳ ಸಿಕ್ಕಿತು. (ನಾವು ಚೀನಿಕಾಯಿ ಎಂದರೂ ಈ ಬಳ್ಳಿ ಚೀನಾದ್ದಲ್ಲ, ಅಮೆರಿಕ ಖಂಡದ್ದೇ. ಮೆಕ್ಸಿಕೊದ ಗುಹೆಯೊಂದರಲ್ಲಿ ಸುಮಾರು 10,000 ವರ್ಷ ಹಳೆಯ ಕುಂಬಳಬೀಜ ದೊರೆತಿದೆ.) ಅಕ್ಟೋಬರಿನಲ್ಲಿ ಅಲ್ಲಿ ಚಳಿ, ಆದರೂ ಕೊರೆದ ಕಾಯಿ ಒಂದು ವಾರ ಬಾಳಿದರೆ ಹೆಚ್ಚು. ಆದ್ದರಿಂದ ಅಲ್ಲಿಯೂ ಅನೇಕರು ಕೊರೆಯದೆ, ಇಡೀ ಕಾಯಿಗೆ ಬಟ್ಟೆ, ನಾರು, ಒಣ ಎಲೆ ಕಟ್ಟಿಯೋ ಬಣ್ಣ ಬಳಿದೋ ಬಾಗಿಲಲ್ಲಿ ಇಡುತ್ತಾರೆ. ನವೆಂಬರಿನ ನಾಲ್ಕನೆಯ ಗುರುವಾರದ ಕೃತಜ್ಞತಾ ಹಬ್ಬ ಬಂದಾಗಲೂ ಅದು ಗಟ್ಟಿಯಾಗಿಯೇ ಇರುತ್ತದೆ.

ಇಡೀ ಕಾಯಿ ಉಳಿಯುವುದಕ್ಕೆ ಕಾರಣ ಅದರ ಸಿಪ್ಪೆ. ಬಲಿತ ಸಿಪ್ಪೆಯ ಮೇಲಿನ ಮೇಣದಂಥ ಪದರ ನೀರು ಆರಿಹೋಗದಂತೆ, ಬೂಸಲು ಒಳಹೊಗದಂತೆ ತಡೆಯುತ್ತದೆ. ಬೂದುಗುಂಬಳದಲ್ಲಿ ಅದು ಕಣ್ಣಿಗೇ ಕಾಣುತ್ತದೆ. ನಮ್ಮ ಹಿರಿಯರು ಸೌತೆ, ಕುಂಬಳಗಳನ್ನು ಬಾಳೆಯ ನಾರಿನಿಂದ ಕಟ್ಟಿ ಮಾಡಿನ ಅಡ್ಡಕ್ಕೆ ತೂಗಹಾಕುತ್ತಿದ್ದುದು ಸುಮ್ಮನೆ ಅಲ್ಲ. ಒಂದಕ್ಕೊಂದು ತಾಗದೆ, ಗಾಳಿಯಾಡುತ್ತಾ, ಒಲೆಯ ಬೆಚ್ಚಗೆಯಲ್ಲಿ ಅವು ತಿಂಗಳುಗಟ್ಟಲೆ ಇರುತ್ತಿದ್ದವು. ಚಿಕ್ಕ ಮೊಳೆಯ ತೂತೊಂದು ಸಾಕು, ಆ ಕೋಟೆ ಮುರಿಯುತ್ತದೆ.

ಹಾಗಾಗಿ ಅಲಂಕಾರದ ಕೆಲಸ ಬಳ್ಳಿಯಲ್ಲೇ ಶುರುವಾಗುತ್ತದೆ ಎನ್ನಬೇಕು. ಉಗುರು ಒತ್ತಿದರೆ ಇಳಿಯದಷ್ಟು ಸಿಪ್ಪೆ ಬಲಿಯಲಿ. ಎರಡು ಮೂರು ಇಂಚು ತೊಟ್ಟು ಬಿಟ್ಟು ಕತ್ತಿಯಿಂದ ಕೊಯ್ಯಿರಿ, ತಿರುಚಿ ಕೀಳಬೇಡಿ. ತೊಟ್ಟು ಹಿಡಿದು ಎತ್ತಲೂ ಬೇಡಿ. ಅದು ಕಳಚಿದ ಜಾಗದಿಂದಲೇ ಕೊಳೆತ ಆರಂಭ. ಮಳೆಗೆ ನೆನೆಯದ ಬೆಚ್ಚಗಿನ ಕಡೆಯಲ್ಲಿ ಸುಮಾರು ಹತ್ತು ದಿನ ಆರಲಿ. ಮಣ್ಣನ್ನು ಒಣ ಬಟ್ಟೆಯಿಂದ ಒರಸಿದರಾಯಿತು. ಇಡುವಾಗ ಸಿಮೆಂಟಿನ ನೆಲದ ತಂಪಿಗೆ ತಾಗದಂತೆ ಕೆಳಗೆ ಬೈಹುಲ್ಲು ಹಾಸಿರಿ.

ಸಿಂಗಾರಕ್ಕೆ ತೆನೆಗೊಂಚಲು, ಹಿಂಗಾರ, ಬಣ್ಣದ ಬಟ್ಟೆಯ ಪಟ್ಟಿ, ಬಾಳೆಯ ನಾರು ಸಾಕು. ಹೂವನ್ನು ದಾರದಿಂದ ಸುತ್ತಿ ಕಟ್ಟಿ. ಶಿಲುಬೆಯನ್ನೋ ಹೆಸರನ್ನೋ ಬರೆಯಬೇಕಿದ್ದರೆ ಅಕ್ಕಿಹಿಟ್ಟಿನ ಗಂಜಿಯಲ್ಲಿ ಬರೆದು, ಆ ಸಂಜೆಯೇ ಒರಸಿಬಿಡಿ. ನಮ್ಮ ಮಳೆಗಾಲದ ಹವೆಯಲ್ಲಿ ಹಿಟ್ಟಿಗೂ ಬೂಸಲು ಬರುತ್ತದೆ. ಬಾಗಿಲಿಗೆ ಹಚ್ಚುವ ಪೇಂಟ್ ಬೇಡವೇ ಬೇಡ. ಪೇಂಟ್ ಹಚ್ಚಿದ ಕಾಯಿಯನ್ನು ಏಲಂನಲ್ಲಿ ಕೊಂಡು ಅಡುಗೆ ಮಾಡುವವರು ಯಾರು? ಪಶ್ಚಿಮದ ರೈತರು ಎಳೆಗಾಯಿಯ ಮೇಲೆ ಮೊಳೆಯಿಂದ ಮೆಲ್ಲನೆ ಹೆಸರು ಗೀರುವುದುಂಟು. ಗಾಯ ಮಾಗಿ, ಕಾಯಿ ಬೆಳೆದಂತೆ ಅಕ್ಷರವೂ ಬೆಳೆಯುತ್ತದೆ. ನೋಡಲು ಚೆಂದ. ಆದರೆ ನಮ್ಮಲ್ಲಿ ಹಣ್ಣುನೊಣದ ಕಾಟ ಬಹಳ. ಎಳೆಗಾಯಿಗೆ ಗಾಯ ಮಾಡಿದರೆ ಅದಕ್ಕೆ ಮೊಟ್ಟೆಯಿಡಲು ಜಾಗ ಮಾಡಿಕೊಟ್ಟಂತೆ.

ಏಲಂನಲ್ಲಿ ಕೊಂಡ ಕಾಯಿಯನ್ನು ಅಂದೇ ಕತ್ತರಿಸಬೇಕೆಂದಿಲ್ಲ, ಆದರೆ ಶೋಭೆಗೆಂದು ಇಟ್ಟು ಮರೆಯಲೂ ಬೇಡಿ. ಕಿತ್ತಳೆ ಬಣ್ಣದ ತಿರುಳಿನಲ್ಲಿರುವ ಬೀಟಾ ಕ್ಯಾರೋಟೀನ್ ದೇಹದಲ್ಲಿ ಎ ಜೀವಸತ್ವವಾಗಿ ಕಣ್ಣಿಗೆ ಒದಗುತ್ತದೆ. ತೆಂಗಿನಕಾಯಿಯೋ ಸ್ವಲ್ಪ ಎಣ್ಣೆಯೋ ಸೇರಿದರೆ ಅದು ಚೆನ್ನಾಗಿ ಮೈಗೆ ಹತ್ತುತ್ತದೆ. ಹಾಗಾಗಿ ನಮ್ಮ ತಾಯಂದಿರು ಕಾಯಿ ಅರೆದು ಮಾಡುವ ಪದಾರ್ಥವೇ ಸರಿ. ಕತ್ತರಿಸಿದ ಮೇಲೆ ಬೀಜ, ಜೊಂಡು ತೆಗೆದಿಡಿ. ತಂಪುಪೆಟ್ಟಿಗೆಯಲ್ಲಿಟ್ಟರೂ ಮೂರು ನಾಲ್ಕು ದಿನದೊಳಗೆ ಮುಗಿಸಿ. ನಾಲಿಗೆಗೆ ಕಹಿ ಎನಿಸಿದ ಕಾಯಿಯನ್ನು ಮಾತ್ರ ಉಪ್ಪು ಹುಳಿ ಹಾಕಿ ಸರಿಮಾಡಲು ಹೋಗಬೇಡಿ, ಎಸೆದುಬಿಡಿ. ಆ ಕಹಿ ವಾಂತಿ, ಭೇದಿ ತರುವ ವಿಷ, ಬೇಯಿಸಿದರೂ ಹೋಗುವುದಿಲ್ಲ.

ಹಬ್ಬದ ಹಿಂದಿನ ಸಂಜೆ ಸಿಂಗಾರಕ್ಕೆ ಬರುವ ಮಕ್ಕಳು ದಾರ, ಬಟ್ಟೆ ತನ್ನಿ. ಚೂರಿ, ಗುಂಡುಸೂಜಿ ಮನೆಯಲ್ಲೇ ಇರಲಿ.