ಐವರು ಕೂತು ಹೇಳಿದ ತೀರ್ಪು

ಬಾಗಲಕೋಟೆಯವರಿಗೆ ‘ಐತೀರ್ಪು’ ಎಂದೊಡನೆ ಕೃಷ್ಣೆ ನೆನಪಾಗುತ್ತಾಳೆ. ಆಲಮಟ್ಟಿ ಜಲಾಶಯದ ಮಟ್ಟ 524.256 ಮೀಟರ್‌ಗೆ ಏರಬಹುದೆಂದು ನ್ಯಾಯಮಂಡಳಿ 2010ರ ಡಿಸೆಂಬರ್ 30ರಂದು ಹೇಳಿದ್ದು ಐತೀರ್ಪಿನಲ್ಲೇ. ಆ ಪದದೊಳಗೆ ಇನ್ನೂ ಹಳೆಯ ನೋಟವೊಂದಿದೆ: ಇಬ್ಬರ ತಕರಾರನ್ನು ಐವರು ಕಟ್ಟೆಯ ಮೇಲೆ ಕೂತು ಕೇಳಿ ಮುಗಿಸುವುದು. ಪಂಚರು, ಪಂಚಾಯ್ತಿ, ಐತೀರ್ಪು ಎಲ್ಲ ಒಂದೇ ಬಳ್ಳಿಯ ಕಾಯಿಗಳು. ಹೀಗೆ ತಕರಾರು ಮುಗಿಸುವುದಕ್ಕೆ ಇಂದಿನ ಕಾನೂನಿನಲ್ಲಿ ಹೆಸರು ಮಧ್ಯಸ್ಥಿಕೆ.

ರಾಜಿ ಮಾಡಿಸುವವರು ತಿಳಿಹೇಳುತ್ತಾರೆ. ಒಪ್ಪುವುದು, ಬಿಡುವುದು ನಮ್ಮಿಷ್ಟ. ಮಧ್ಯಸ್ಥರು ತೀರ್ಪನ್ನೇ ಕೊಡುತ್ತಾರೆ. ಅವರನ್ನು ಆರಿಸುವವರು ನಾವು, ಅವರ ಮಾತಿಗೆ ಕಟ್ಟುಬೀಳುವವರೂ ನಾವೇ.

ಒಂದೇ ಕಸುಬಿನವರು ಸಂಘ ಕಟ್ಟಿಕೊಳ್ಳುವುದು, ತಮ್ಮವರ ವ್ಯಾಜ್ಯ ಕೇಳುವುದು ಈ ನಾಡಿಗೆ ಹೊಸದಲ್ಲ. ಹುನಗುಂದ ಸೀಮೆಯ ಐಹೊಳೆಯ ಹೆಸರು ಹೊತ್ತ ವರ್ತಕ ಸಂಘ ‘ಐನೂರ್ವರು’. ಸುಮಾತ್ರಾದಲ್ಲಿ ಸಿಕ್ಕ 1088ರ ಶಾಸನದಲ್ಲೂ ಅವರ ಹೆಸರಿದೆ. ಅದೇ ಕಾಲದಲ್ಲಿ ಆರನೇ ವಿಕ್ರಮಾದಿತ್ಯನ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರ ‘ಮಿತಾಕ್ಷರಾ’ ಎಂಬ ಧರ್ಮಶಾಸ್ತ್ರ ವ್ಯಾಖ್ಯಾನದಲ್ಲಿ ವ್ಯಾಜ್ಯ ಕೇಳುವ ಜನಸಭೆಗಳನ್ನು ವಿವರಿಸಿದ: ಬಂಧುಗಳದು ಕುಲ, ಒಂದೇ ಕಸುಬಿನವರದು ಶ್ರೇಣಿ, ಊರವರದು ಪೂಗ. ಶ್ರೇಣಿಗೆ ಅವನು ಕೊಟ್ಟ ಉದಾಹರಣೆಗಳಲ್ಲಿ ನೇಕಾರರೂ ಇದ್ದಾರೆ.

ನೇಕಾರರ ವ್ಯಾಜ್ಯವನ್ನು ನೇಕಾರರೇ ಏಕೆ ಕೇಳಬೇಕೆಂಬುದು ಇಳಕಲ್ಲಿನ ಮಗ್ಗದ ಮುಂದೆ ತಿಳಿಯುತ್ತದೆ. ಇಲ್ಲಿ ಸೀರೆಯ ಒಡಲಿನ ಹಾಸಿನೊಂದಿಗೆ ಸೆರಗಿನ ರೇಷ್ಮೆ ಹಾಸನ್ನು ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ. ಆ ಕೂಡಿಕೆ ಬಿಟ್ಟುಕೊಂಡರೆ ತಪ್ಪು ನೂಲಿನದೋ, ಕೈಯದೋ? ವಕೀಲರ ವಾದಕ್ಕಿಂತ ಮೊದಲು ಅದು ಹಿರಿಯ ನೇಕಾರರ ಬೆರಳಿಗೆ ಗೊತ್ತಾಗುತ್ತದೆ.

1818ರಲ್ಲಿ ಬಾದಾಮಿ ಕೋಟೆ ಗೆದ್ದ ಥಾಮಸ್ ಮನ್ರೋ ಪಂಚಾಯ್ತಿ ನ್ಯಾಯದ ದೊಡ್ಡ ಬೆಂಬಲಿಗ. ಮುಂಬೈ ಸರ್ಕಾರ 1827ರ ಏಳನೇ ರೆಗ್ಯುಲೇಶನ್ನಿನಲ್ಲಿ ಮಧ್ಯಸ್ಥಿಕೆಗೆ ಕಾನೂನಿನ ರೂಪ ಕೊಟ್ಟಿತು. ಈಗ ನಡೆಯುತ್ತಿರುವುದು 1996ರ ಕಾಯ್ದೆ. ಅದರಂತೆ ಒಪ್ಪಂದ ಬರಹದಲ್ಲಿರಬೇಕು. ಮಧ್ಯಸ್ಥರ ಸಂಖ್ಯೆ ಬೆಸವಾಗಿರಬೇಕು. ಅವರು ವಕೀಲರೇ ಆಗಬೇಕೆಂದಿಲ್ಲ. ಐತೀರ್ಪು ಕೋರ್ಟಿನ ಡಿಕ್ರಿಯಂತೆಯೇ ಜಾರಿಯಾಗುತ್ತದೆ. ಅದನ್ನು ರದ್ದುಮಾಡಿಸಲು ಕೆಲವೇ ಕಾರಣಗಳಿವೆ.

ಒಂದು ಮಾತು ಮಾತ್ರ ಮರೆಯಬಾರದು. ಊರ ದೈವದ ಹೆಸರಿನಲ್ಲಿ ದಂಡ ಹಾಕುವುದು, ಬಹಿಷ್ಕಾರ ಹೇರುವುದು ಮಧ್ಯಸ್ಥಿಕೆಯಲ್ಲ. ಇಬ್ಬರ ಮನಃಪೂರ್ವಕ ಒಪ್ಪಿಗೆಯಿಲ್ಲದ ಕಡೆ ಪಂಚರಿಗೆ ಅಧಿಕಾರವೇ ಇಲ್ಲ. ಕೊಲೆ, ಹಲ್ಲೆಯಂಥ ಅಪರಾಧಗಳು ಕೋರ್ಟಿಗೇ ಹೋಗಬೇಕು.

ಆದ್ದರಿಂದ ಸೀರೆ ವ್ಯಾಪಾರದ ಕರಾರಿರಲಿ, ಗ್ರಾನೈಟ್ ಕ್ವಾರಿಯ ಪಾಲುದಾರಿಕೆಯಿರಲಿ, ಮನಸ್ಸು ತಿಳಿಯಾಗಿರುವ ದಿನವೇ ಪಂಚರು ಯಾರೆಂದು ಬರೆದಿಡಿ. ಜಗಳ ಹತ್ತಿದ ಮೇಲೆ ಅವರ ಹೆಸರಿಗೂ ಜಗಳವಾಗುತ್ತದೆ.