ಹಳೆ ಮೋರಿಸಿಗೆ ಹೊಸ ಎಂಜಿನ್ ಬೇಕೆ?

ಸೊಲ್ಲಾಪುರ-ಹೈದರಾಬಾದ್ ಹೆದ್ದಾರಿಯ ಉಮರ್ಗಾ, ಅದರಾಚೆಯ ನಿಲಂಗಾ, ಉದಗೀರಗಳಲ್ಲಿ ಹಳೆಯ ಮೋರಿಸ್ ಮೈನರ್ ಉಳಿಸಿಕೊಂಡವರಿದ್ದರೆ ಅವರಿಗೆ ನಾವೊಂದು ಮಾತು ಹೇಳಬೇಕಾಗಿದೆ.

1948ರಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದ ಈ ಕಾರು ನಮ್ಮಲ್ಲಿ ‘ಬೇಬಿ ಹಿಂದುಸ್ಥಾನ್’ ಆಗಿ ಮಾರಾಟವಾಯಿತು. ಮೊದಲಿನ ಎಂಜಿನ್ 918 ಸಿ.ಸಿ.; 1962ರಲ್ಲಿ ಇಂಗ್ಲೆಂಡಿನ ಮಾದರಿ 1098ಕ್ಕೇರಿತು. ಬಿಡಿಭಾಗ ಸಿಗದಾಗ ಬೇರೆ ಎಂಜಿನ್ ಕೂರಿಸುವ ಆಸೆ ಸಹಜ. ಆದರೆ ಬ್ರೇಕು, ಗೇರ್‌ಬಾಕ್ಸ್ ಅದನ್ನು ತಾಳಬೇಕು. ಆ ಕಡೆಯ ಬೇಸಿಗೆಗೆ ರೇಡಿಯೇಟರೂ ಸಾಲಬೇಕು. ಸಾರಿಗೆ ಕಚೇರಿಯ ಒಪ್ಪಿಗೆಯೂ ಬೇಕು.

50 ವರ್ಷ ದಾಟಿದ ವಾಹನಗಳಿಗೆಂದು 2021ರಲ್ಲಿ ಬಂದ ‘ವಿಂಟೇಜ್’ ನೋಂದಣಿ ಮೂಲರೂಪ ಕೆಟ್ಟ ಗಾಡಿಗೆ ದೊರೆಯದು. ಅದನ್ನು ಪಡೆದ ಗಾಡಿಯನ್ನು ದಿನನಿತ್ಯ ಓಡಿಸುವಂತೆಯೂ ಇಲ್ಲ.

ಆದುದರಿಂದ ನಿತ್ಯ ಓಡಿಸುವವರು ಎಂಜಿನ್ ಬದಲಿಸಲಿ. ಹಿರಿಯರ ನೆನಪಿಗೆ ಇಟ್ಟವರು ಹಳೆಯದನ್ನೇ ರಿಪೇರಿ ಮಾಡಿಸಲಿ. ಬಿಚ್ಚಿದ ಎಂಜಿನನ್ನು ಮಾತ್ರ ಯಾರೂ ಗುಜರಿಗೆ ಹಾಕದಿರಲಿ.